ಪೋಡಿಯಾಟ್ರಿಯೋ, ಮೆಡಿಕಲ್ ಸ್ಕೂಲೋ? ಅಮೆರಿಕದಲ್ಲಿ ಓದುತ್ತಿರುವ ಕನ್ನಡದ ವಿದ್ಯಾರ್ಥಿಗಳೂ ಪೋಷಕರೂ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕಾಲೇಜುಗಳಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರ ಓದುತ್ತ ವೈದ್ಯಕೀಯಕ್ಕೆ ಸಿದ್ಧತೆ ನಡೆಸುವ ನಮ್ಮ ಮಕ್ಕಳ ಕಿವಿಗೆ ಪೋಡಿಯಾಟ್ರಿ ಎಂಬ ಹೆಸರು ಒಂದಲ್ಲ ಒಂದು ದಿನ ಬಿದ್ದೇ ಬೀಳುತ್ತದೆ. ಹೆಚ್ಚಿನ ಮನೆಗಳಲ್ಲಿ ಅದರ ಮಾತು ಮೊದಲು ಬರುವುದು ಮೆಡಿಕಲ್ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್‌ನ ಅಂಕ ನಿರೀಕ್ಷೆಗಿಂತ ಕಡಿಮೆ ಬಂದಾಗ. ಆ ಬೇಸರದಲ್ಲಿ ತೆಗೆದುಕೊಂಡ ತೀರ್ಮಾನದ ಮೇಲೆ ಇಡೀ ವೃತ್ತಿಜೀವನ ನಿಲ್ಲುತ್ತದೆ. ಅಂಥ ದಿನ ಬರುವ ಮೊದಲೇ ಎರಡೂ ಹಾದಿಗಳನ್ನು ಸಮಾಧಾನದಿಂದ ನೋಡಿಕೊಳ್ಳಲು ಅನುಕೂಲವಾಗಲೆಂದು ಈ ಪ್ರಶ್ನೋತ್ತರಗಳನ್ನು ಸಿದ್ಧಪಡಿಸಲಾಗಿದೆ.

ಪೋಡಿಯಾಟ್ರಿಸ್ಟ್ ಎಂದರೆ ಯಾರು? ಅವರು ನಿಜವಾದ ಡಾಕ್ಟರೇ?

ಪಾದ ಮತ್ತು ಕಾಲಿನ ಗಿಣ್ಣಿಗೆ ಸಂಬಂಧಿಸಿದ ಕಾಯಿಲೆಗಳನ್ನು ಪತ್ತೆಮಾಡಿ, ಔಷಧಿ ಬರೆದು, ಶಸ್ತ್ರಚಿಕಿತ್ಸೆ ಮಾಡುವ ವೈದ್ಯರನ್ನು ಅಮೆರಿಕದಲ್ಲಿ ಪೋಡಿಯಾಟ್ರಿಸ್ಟ್ ಎನ್ನುತ್ತಾರೆ. ಅವರ ಪದವಿ ಡಿಪಿಎಂ, ಅಂದರೆ ಡಾಕ್ಟರ್ ಆಫ್ ಪೋಡಿಯಾಟ್ರಿಕ್ ಮೆಡಿಸಿನ್. 1967ರ ಕಾನೂನು ತಿದ್ದುಪಡಿಯಿಂದೀಚೆಗೆ, ಮುಖ್ಯವಾಗಿ ಹಿರಿಯರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಯೋಜನೆಯು ಅವರನ್ನು ತಮ್ಮ ಕಾರ್ಯವ್ಯಾಪ್ತಿಯ ಮಟ್ಟಿಗೆ ವೈದ್ಯರೆಂದೇ ಪರಿಗಣಿಸುತ್ತಿದೆ. 2018ರ ಮಿಷನ್ ಕಾಯ್ದೆಯು ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ದುಡಿಯುವ ಪೋಡಿಯಾಟ್ರಿಸ್ಟರನ್ನು ಇತರ ವೈದ್ಯರ ವೇತನಶ್ರೇಣಿಗೆ ಸೇರಿಸಿತು. ಆದ್ದರಿಂದ ‘ಡಾಕ್ಟರೇ?’ ಎಂಬ ಪ್ರಶ್ನೆಗೆ ಉತ್ತರ ಹೌದು. ಆದರೆ ಎಂಡಿ (ಅಮೆರಿಕದಲ್ಲಿ ಇದು ಮೂಲ ವೈದ್ಯಕೀಯ ಪದವಿ) ಅಥವಾ ಡಿಓ (ಅದಕ್ಕೆ ಸಮಾನವಾದ ಆಸ್ಟಿಯೋಪಥಿಕ್ ಮೆಡಿಸಿನ್ ಪದವಿ) ಪದವೀಧರರ ಲೈಸೆನ್ಸ್ ಇಡೀ ದೇಹಕ್ಕೆ ಅನ್ವಯಿಸಿದರೆ, ಡಿಪಿಎಂ ಲೈಸೆನ್ಸಿನ ಗಡಿಯನ್ನು ಆಯಾ ರಾಜ್ಯದ ಕಾನೂನು ಗೆರೆ ಎಳೆದು ಗುರುತಿಸಿರುತ್ತದೆ. ಈ ಗೆರೆ ಎಲ್ಲ ರಾಜ್ಯಗಳಲ್ಲಿಯೂ ಒಂದೇ ಕಡೆ ಇರುವುದಿಲ್ಲ. ಉದಾಹರಣೆಗೆ, ನ್ಯೂಯಾರ್ಕ್ ರಾಜ್ಯದಲ್ಲಿ ಗಿಣ್ಣಿನ ಶಸ್ತ್ರಚಿಕಿತ್ಸೆಗೆ ಅವಕಾಶ ದೊರೆತದ್ದು 2014ರಲ್ಲಿ, ಅದೂ ನಿಗದಿತ ಅರ್ಹತೆ ಪಡೆದವರಿಗೆ ಮಾತ್ರ. ಮುಂದೆ ಎಲ್ಲಿ ನೆಲೆಸಬೇಕೆಂಬ ಅಂದಾಜು ಈಗಾಗಲೇ ಇದ್ದರೆ, ಆ ರಾಜ್ಯದ ನಿಯಮವನ್ನು ಸೇರುವ ಮೊದಲೇ ಓದಿಕೊಳ್ಳಿ.

ಓದಿನ ಅವಧಿಯಲ್ಲಿ ಎಷ್ಟು ವ್ಯತ್ಯಾಸವಿದೆ?

ಬ್ಯಾಚುಲರ್ ಪದವಿಯ ನಂತರ ಎರಡಕ್ಕೂ ನಾಲ್ಕು ವರ್ಷ. ಮೊದಲೆರಡು ವರ್ಷಗಳ ಅನಾಟಮಿ, ಫಿಸಿಯಾಲಜಿ, ಫಾರ್ಮಕಾಲಜಿ, ಪೆಥಾಲಜಿ ಪಾಠಗಳು ಬಹುಮಟ್ಟಿಗೆ ಒಂದೇ. ಅಯೋವಾದ ಡೆಮಾಯ್ನ್ ವಿಶ್ವವಿದ್ಯಾಲಯದಂಥ ಕಡೆಗಳಲ್ಲಿ ಡಿಪಿಎಂ ವಿದ್ಯಾರ್ಥಿಗಳು ಡಿಓ ವಿದ್ಯಾರ್ಥಿಗಳೊಂದಿಗೆ ಒಂದೇ ತರಗತಿಯಲ್ಲಿ ಕುಳಿತು ಮೂಲವಿಜ್ಞಾನಗಳನ್ನು ಕಲಿಯುತ್ತಾರೆ. ಹಾದಿ ಕವಲೊಡೆಯುವುದು ಆಮೇಲೆ. ಮೆಡಿಕಲ್ ವಿದ್ಯಾರ್ಥಿಯು ಹೆರಿಗೆ, ಮಕ್ಕಳ ಚಿಕಿತ್ಸೆ, ಮನೋವೈದ್ಯ, ಸರ್ಜರಿ ಮುಂತಾದ ವಿಭಾಗಗಳನ್ನು ಸುತ್ತಿ ಬಂದು ನಾಲ್ಕನೆಯ ವರ್ಷದಲ್ಲಿ ತನ್ನ ವಿಭಾಗವನ್ನು ಆರಿಸಿಕೊಳ್ಳುತ್ತಾನೆ. ಪೋಡಿಯಾಟ್ರಿ ವಿದ್ಯಾರ್ಥಿಯು ಆ ಆಯ್ಕೆಯನ್ನು ಅರ್ಜಿ ಹಾಕುವ ದಿನವೇ ಮಾಡಿರುತ್ತಾನೆ.

ಪದವಿಯ ನಂತರ ಪೋಡಿಯಾಟ್ರಿಯಲ್ಲಿ ಮೂರು ವರ್ಷಗಳ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿನ ತರಬೇತಿ, ಎಲ್ಲರಿಗೂ ಸಮಾನ; ಅದರಲ್ಲಿ ಶಸ್ತ್ರಚಿಕಿತ್ಸೆಯ ತರಬೇತಿಯೂ ಸೇರಿರುತ್ತದೆ. ಎಂಡಿ, ಡಿಓಗಳಿಗೆ ವಿಭಾಗವನ್ನು ಅವಲಂಬಿಸಿ ಮೂರರಿಂದ ಏಳು ವರ್ಷ. ಲೈಸೆನ್ಸಿನ ಪರೀಕ್ಷೆಗಳೂ ಬೇರೆ: ಡಿಪಿಎಂ ಪದವಿಗೆ ಎಪಿಎಂಎಲ್‌ಇ, ಎಂಡಿಗೆ ಯುಎಸ್‌ಎಂಎಲ್‌ಇ, ಡಿಓಗೆ ಕಾಮ್ಲೆಕ್ಸ್. ಅಮೆರಿಕದಲ್ಲಿ ಪೋಡಿಯಾಟ್ರಿ ಕಾಲೇಜುಗಳಿರುವುದು ಕೇವಲ ಹನ್ನೊಂದು. ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿರುವುದು 1911ರಲ್ಲಿ ಆರಂಭವಾದದ್ದು. ಟೆಕ್ಸಸ್‌ನ ರಿಯೊ ಗ್ರಾಂಡೆ ವ್ಯಾಲಿಯದು 2022ರಲ್ಲಿ, ಪೆನ್ಸಿಲ್ವೇನಿಯದ ಈರಿ ನಗರದಲ್ಲಿರುವ ಲೀಕಾಮ್ ಸಂಸ್ಥೆಯದು 2023ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ತೆಗೆದುಕೊಂಡವು.

ಪೋಡಿಯಾಟ್ರಿಸ್ಟರ ದಿನದ ಕೆಲಸ ಹೇಗಿರುತ್ತದೆ? ಬರೀ ಉಗುರು ಕತ್ತರಿಸುವುದೇ?

ಈ ಪ್ರಶ್ನೆಯನ್ನು ಸಂಕೋಚದಿಂದಲೇ ಕೇಳುವವರು ಬಹಳ ಮಂದಿ. ಉಗುರು ಕತ್ತರಿಸುವ ಕೆಲಸ ಇದ್ದೇ ಇದೆ. ವಯಸ್ಸಾದವರ, ಅದರಲ್ಲೂ ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡವರ ದಪ್ಪಗಟ್ಟಿದ ಉಗುರನ್ನು ಗಾಯವಾಗದಂತೆ ತೆಗೆಯುವುದು ಕ್ಲಿನಿಕ್ಕಿನ ನಿತ್ಯದ ಕೆಲಸಗಳಲ್ಲಿ ಒಂದು. ಇದರ ಜೊತೆಗೆ ಹಿಮ್ಮಡಿ ನೋವು, ಆಣಿ, ಮಾಂಸದೊಳಗೆ ಬೆಳೆದ ಉಗುರು, ಹೆಬ್ಬೆರಳಿನ ಬುಡದ ಎಲುಬು ಹೊರಚಾಚುವ ಬನಿಯನ್, ಆಟಗಾರರ ಮೂಳೆಮುರಿತ, ಮಕ್ಕಳ ಚಪ್ಪಟೆ ಪಾದ ಎಲ್ಲವೂ ಬರುತ್ತವೆ.

ಈ ವೃತ್ತಿಯ ತೂಕ ಪೂರ್ತಿಯಾಗಿ ಕಾಣುವುದು ಸಕ್ಕರೆ ಕಾಯಿಲೆಯವರ ಪಾದದಲ್ಲಿ. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಪಾದದಡಿಯ ಬೇರೆ ಬೇರೆ ಜಾಗಗಳಿಗೆ ಮುಟ್ಟಿಸಿ, ಕಣ್ಣು ಮುಚ್ಚಿದ ರೋಗಿಯನ್ನು ‘ತಿಳಿಯಿತೇ?’ ಎಂದು ಕೇಳುತ್ತಾರೆ. ಎಳೆ ಬಾಗಿದರೂ ರೋಗಿ ಸುಮ್ಮನಿದ್ದರೆ ಆ ಜಾಗದಲ್ಲಿ ರಕ್ಷಣೆಯ ಸ್ಪರ್ಶ ಹೋಗಿದೆ ಎಂದರ್ಥ. ಅಂಥ ಪಾದದಲ್ಲಿ ಜಡ್ಡುಗಟ್ಟಿದ ಚರ್ಮವನ್ನು ಸ್ಕಾಲ್ಪೆಲ್‌ನಿಂದ ಪದರ ಪದರವಾಗಿ ತೆಗೆಯುತ್ತ ಹೋದಾಗ, ಮೇಲಿನಿಂದ ಏನೂ ಕಾಣದಿದ್ದ ಕಡೆ ಒಳಗೊಂದು ಹುಣ್ಣು ಬಾಯಿ ತೆರೆದಿರುವುದುಂಟು. ಆ ಹುಣ್ಣು ಎಲುಬನ್ನು ಮುಟ್ಟಿದೆಯೇ ಎಂದು ಸಣ್ಣ ಲೋಹದ ಕಡ್ಡಿಯಿಂದ ಪರೀಕ್ಷಿಸಿ, ರಕ್ತದ ಹರಿವನ್ನು ಅಳೆದು, ಸೋಂಕನ್ನು ನಿಯಂತ್ರಿಸಿ, ಪಾದದ ಮೇಲೆ ಭಾರ ಬೀಳದಂತೆ ವಿಶೇಷವಾದ ಪ್ಲಾಸ್ಟರ್ ಕಟ್ಟು ಹಾಕಿ ವಾರಗಟ್ಟಲೆ ಕಾಯಬೇಕಾಗುತ್ತದೆ. ರಕ್ತನಾಳದ ಸರ್ಜನ್, ಸೋಂಕು ತಜ್ಞರು ಮತ್ತು ಪೋಡಿಯಾಟ್ರಿಸ್ಟ್ ಒಟ್ಟಾಗಿ ದುಡಿದ ಕಡೆ ಮೊಣಕಾಲಿನ ಕೆಳಗೆ ಕತ್ತರಿಸಬೇಕಾಗಿದ್ದ ಕಾಲು ಎಷ್ಟೋ ಸಲ ಒಂದು ಬೆರಳಿನ ನಷ್ಟದಲ್ಲಿ ಉಳಿಯುತ್ತದೆ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಸಕ್ಕರೆ ಕಾಯಿಲೆಯಿಂದ ಬೆರಳು ಕಳೆದುಕೊಂಡಿದ್ದನ್ನು ಕಂಡವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಎಂಕ್ಯಾಟ್‌ನಲ್ಲಿ ಒಳ್ಳೆಯ ಅಂಕ ಬರಲಿಲ್ಲ. ಪೋಡಿಯಾಟ್ರಿಗೆ ಹೋಗುವುದು ಸರಿಯೇ?

ಪ್ರವೇಶದ ಮಟ್ಟಿಗೆ ಪೋಡಿಯಾಟ್ರಿ ಸುಲಭವೆಂಬುದು ನಿಜ. ಎಂಡಿ ಕಾಲೇಜುಗಳಿಗೆ ವರ್ಷಕ್ಕೆ ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಅರ್ಜಿ ಹಾಕಿದರೆ ಸೀಟು ದೊರೆಯುವುದು ಸುಮಾರು 23 ಸಾವಿರ ಮಂದಿಗೆ, ಮತ್ತು ಹಾಗೆ ಸೇರಿದವರ ಸರಾಸರಿ ಎಂಕ್ಯಾಟ್ ಅಂಕ 511ರ ಆಸುಪಾಸಿನಲ್ಲಿರುತ್ತದೆ. ಪೋಡಿಯಾಟ್ರಿ ಸೇರುವವರ ಸರಾಸರಿ 500ಕ್ಕಿಂತ ಕೆಳಗೆ. ಕೆಲವು ಕಾಲೇಜುಗಳು ಎಂಕ್ಯಾಟ್ ಬದಲಿಗೆ ಬೇರೆ ಪರೀಕ್ಷೆಯ ಅಂಕವನ್ನೂ ಒಪ್ಪುತ್ತವೆ.

ಆದರೆ ಬಾಗಿಲು ಅಗಲವಾಗಿದೆ ಎಂದು ಒಳಗಿನ ಓದು ಹಗುರವಾಗಿರುವುದಿಲ್ಲ. ಪ್ರವೇಶದಲ್ಲಿ ಸಡಿಲ ಬಿಟ್ಟ ಪಾಠಕ್ರಮ ಮೊದಲ ವರ್ಷದ ಅನಾಟಮಿಯಲ್ಲಿ ಸಡಿಲ ಬಿಡುವುದಿಲ್ಲ. ನಡುವೆ ಓದು ನಿಲ್ಲಿಸುವವರ ಪ್ರಮಾಣ ಮೆಡಿಕಲ್ ಸ್ಕೂಲ್‌ಗಳಿಗಿಂತ ಪೋಡಿಯಾಟ್ರಿ ಕಾಲೇಜುಗಳಲ್ಲಿ ಹೆಚ್ಚು, ಮತ್ತು ಹಾಗೆ ನಿಲ್ಲಿಸಿದವರ ಪಾಲಿಗೆ ಪದವಿಯಿಲ್ಲದ ಸಾಲ ಉಳಿಯುತ್ತದೆ. ಎಂಕ್ಯಾಟ್ ಕಡಿಮೆ ಬಂದದ್ದೇಕೆ ಎಂಬುದನ್ನು ಮೊದಲು ನೋಡಬೇಕು. ಸಿದ್ಧತೆಗೆ ಸಮಯ ಸಾಲದೆ ಹೋಗಿದ್ದರೆ ಒಂದು ವರ್ಷ ಬಿಡುವು ತೆಗೆದುಕೊಂಡು ಮತ್ತೆ ಬರೆಯುವುದರಲ್ಲಿ ಯಾವ ಅವಮಾನವೂ ಇಲ್ಲ; ಇಂದು ಎಂಡಿ ಸೇರುವವರಲ್ಲಿ ಹೆಚ್ಚಿನವರು ಕಾಲೇಜು ಮುಗಿಸಿ ಒಂದೆರಡು ವರ್ಷ ಬಿಟ್ಟು ಸೇರಿದವರೇ. ವಿಜ್ಞಾನದ ಅಡಿಪಾಯವೇ ಸಡಿಲವಾಗಿದ್ದರೆ, ಅದನ್ನು ಸರಿಪಡಿಸದೆ ಎರಡರಲ್ಲಿ ಯಾವುದಕ್ಕೆ ಸೇರಿದರೂ ಕಷ್ಟವೇ.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಇವತ್ತು ಎಂಡಿ ಸೀಟು ಕೈಗೆ ಬಂದರೂ ಪೋಡಿಯಾಟ್ರಿಯ ಕಡೆ ಒಮ್ಮೆಯಾದರೂ ಮನಸ್ಸು ಎಳೆಯುತ್ತದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಎಳೆಯುವುದಾದರೆ, ನಿಮ್ಮ ಅಂಕ ಎಷ್ಟೇ ಇರಲಿ, ಇದು ಬಹಳ ಒಳ್ಳೆಯ ಹಾದಿ. ಎಳೆಯದಿದ್ದರೆ ಡಿಓ ಕಾಲೇಜುಗಳನ್ನು, ವೈದ್ಯರ ಜೊತೆ ದುಡಿದು ಚಿಕಿತ್ಸೆ ಕೊಡುವ ಫಿಸಿಷಿಯನ್ ಅಸಿಸ್ಟೆಂಟ್ ಕೋರ್ಸುಗಳನ್ನು, ಅಂಕ ಸುಧಾರಿಸಿಕೊಳ್ಳಲೆಂದೇ ಇರುವ ಒಂದು ವರ್ಷದ ಮಾಸ್ಟರ್ಸ್ ಕಾರ್ಯಕ್ರಮಗಳನ್ನು ಮೊದಲು ನೋಡುವುದು ಉಚಿತ.

ಪೋಡಿಯಾಟ್ರಿಗೆ ಸೇರಿ, ಒಂದು ವರ್ಷದ ನಂತರ ಮೆಡಿಕಲ್‌ಗೆ ಬದಲಾಯಿಸಿಕೊಳ್ಳಬಹುದೇ?

ಇಲ್ಲ. ಡಿಪಿಎಂ ಓದಿನ ಕ್ರೆಡಿಟ್‌ಗಳನ್ನು ಲೆಕ್ಕಕ್ಕೆ ಹಿಡಿದು ಎಂಡಿ ಕಾಲೇಜಿನ ಎರಡನೆಯ ವರ್ಷಕ್ಕೆ ಸೇರಿಸಿಕೊಳ್ಳುವ ದಾರಿಯನ್ನು ನಂಬಿ ಯಾರೂ ಹೊರಡಬಾರದು. ಹೊಸದಾಗಿ ಅರ್ಜಿ ಹಾಕಿ ಮೊದಲ ವರ್ಷದಿಂದಲೇ ಆರಂಭಿಸಬೇಕಾಗುತ್ತದೆ, ಮತ್ತು ಒಂದು ವೃತ್ತಿಪರ ಕೋರ್ಸನ್ನು ಅರ್ಧಕ್ಕೆ ಬಿಟ್ಟದ್ದೇಕೆ ಎಂಬ ಪ್ರಶ್ನೆಗೆ ಪ್ರತಿ ಸಂದರ್ಶನದಲ್ಲಿಯೂ ಉತ್ತರಿಸಬೇಕಾಗುತ್ತದೆ.

ನನಗೆ ಸರ್ಜರಿ ಇಷ್ಟ. ಪಾದದ ಶಸ್ತ್ರಚಿಕಿತ್ಸೆಗೆ ಆರ್ಥೋಪೀಡಿಕ್ಸ್ ಮೂಲಕವೂ ಹೋಗಬಹುದಲ್ಲವೇ?

ಹೋಗಬಹುದು. ಎಂಡಿ ಅಥವಾ ಡಿಓ ಮುಗಿಸಿ, ಐದು ವರ್ಷ ಆರ್ಥೋಪೀಡಿಕ್ಸ್ ರೆಸಿಡೆನ್ಸಿ ಮಾಡಿ, ಮತ್ತೊಂದು ವರ್ಷ ಪಾದ-ಗಿಣ್ಣಿನ ಫೆಲೋಶಿಪ್ ಮುಗಿಸಿದರೆ ಅದೇ ಶಸ್ತ್ರಚಿಕಿತ್ಸೆಗಳನ್ನು ಇನ್ನೂ ವಿಶಾಲವಾದ ಲೈಸೆನ್ಸಿನೊಂದಿಗೆ ಮಾಡಬಹುದು. ಬ್ಯಾಚುಲರ್ ಪದವಿ ಮುಗಿದ ಮೇಲೆ ಅಲ್ಲಿ ಹತ್ತು ವರ್ಷ, ಪೋಡಿಯಾಟ್ರಿಯಲ್ಲಿ ಏಳು ವರ್ಷ. ಆದರೆ ಆರ್ಥೋಪೀಡಿಕ್ಸ್ ರೆಸಿಡೆನ್ಸಿ ಪಡೆಯುವುದು ಅತ್ಯಂತ ಕಠಿಣವಾದ ಸ್ಪರ್ಧೆ. ಎಂಡಿ ಸೀಟು ಸಿಕ್ಕವರೆಲ್ಲರಿಗೂ ಅದು ಒಲಿಯುವುದಿಲ್ಲ. ಪೋಡಿಯಾಟ್ರಿಯಲ್ಲಿ ಶಸ್ತ್ರಚಿಕಿತ್ಸೆಯ ಕೊಠಡಿಗೆ ಹೋಗುವುದು ತರಬೇತಿಯ ಭಾಗವಾಗಿಯೇ ಖಚಿತ, ಮತ್ತು ಆ ಖಚಿತತೆಯೇ ಈ ಹಾದಿಯ ದೊಡ್ಡ ಬಲ. ಹಾಗೆಂದು ಎಲ್ಲ ಪೋಡಿಯಾಟ್ರಿಸ್ಟರೂ ವೃತ್ತಿಜೀವನವಿಡೀ ಸರ್ಜರಿ ಮಾಡುತ್ತಾರೆ ಎಂದಲ್ಲ. ಎಷ್ಟೋ ಮಂದಿಯ ವಾರದಲ್ಲಿ ಒಂದು ದಿನ ಶಸ್ತ್ರಚಿಕಿತ್ಸೆ, ಉಳಿದ ದಿನಗಳು ಕ್ಲಿನಿಕ್ ಎಂಬಂತಿರುತ್ತದೆ. ಯಾವ ಬಗೆಯ ಆಸ್ಪತ್ರೆಯಲ್ಲಿ ತರಬೇತಿ ಪಡೆದರು, ಯಾವ ಬೋರ್ಡಿನ ಪ್ರಮಾಣಪತ್ರ ಗಳಿಸಿದರು ಎಂಬುದರ ಮೇಲೆ ಇದು ಬಹಳಷ್ಟು ಅವಲಂಬಿಸಿರುತ್ತದೆ.

ರೆಸಿಡೆನ್ಸಿ ಸಿಗದೆ ಹೋಗುವ ಅಪಾಯವಿದೆಯೇ?

2013ರ ಸುಮಾರಿನಲ್ಲಿ ಪದವೀಧರರಿಗಿಂತ ಸ್ಥಾನಗಳು ಕಡಿಮೆಯಾಗಿ, ಡಿಪಿಎಂ ಪಡೆದ ಹಲವರು ರೆಸಿಡೆನ್ಸಿಯಿಲ್ಲದೆ ಉಳಿದರು. ಹಳೆಯ ಆನ್‌ಲೈನ್ ಚರ್ಚೆಗಳಲ್ಲಿ ಕಾಣುವ ಭಯಕ್ಕೆ ಇದೇ ಮೂಲ. ಆನಂತರ ಸ್ಥಾನಗಳನ್ನು ಹೆಚ್ಚಿಸಲಾಯಿತು, ಪೋಡಿಯಾಟ್ರಿ ಸೇರುವವರ ಸಂಖ್ಯೆಯೂ ಇಳಿಯಿತು. ಈಚಿನ ವರ್ಷಗಳಲ್ಲಿ ಪದವೀಧರರಿಗಿಂತ ಸ್ಥಾನಗಳೇ ಹೆಚ್ಚು. ಈಗ ನಿಜವಾದ ಸ್ಪರ್ಧೆ ಇರುವುದು ಉತ್ತಮ ಶಸ್ತ್ರಚಿಕಿತ್ಸಾ ತರಬೇತಿ ಕೊಡುವ ಆಸ್ಪತ್ರೆಗಳಿಗಾಗಿ.

ಸಂಬಳ ಎಷ್ಟು? ಸಾಲ ತೀರುತ್ತದೆಯೇ?

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2023ರಲ್ಲಿ ಪೋಡಿಯಾಟ್ರಿಸ್ಟರ ಮಧ್ಯಮ ವಾರ್ಷಿಕ ವೇತನ ಸುಮಾರು 1 ಲಕ್ಷ 41 ಸಾವಿರ ಡಾಲರ್. ವೈದ್ಯರು ಮತ್ತು ಸರ್ಜನ್‌ಗಳದು 2 ಲಕ್ಷ 39 ಸಾವಿರ ಡಾಲರ್ ಅಥವಾ ಅದಕ್ಕಿಂತ ಹೆಚ್ಚು. ಈ ಅಂಕಿಯಲ್ಲಿ ಸ್ವಂತ ಕ್ಲಿನಿಕ್ ನಡೆಸುವವರ ಲಾಭ ಸೇರಿರುವುದಿಲ್ಲವಾದ್ದರಿಂದ ಅನುಭವಿ ಪೋಡಿಯಾಟ್ರಿಸ್ಟರ ಆದಾಯವನ್ನು ಇದರಿಂದ ಪೂರ್ತಿಯಾಗಿ ಅಳೆಯಲಾಗದು. ಆಸ್ಪತ್ರೆಗಳೂ ಆರ್ಥೋಪೀಡಿಕ್ ಗುಂಪುಗಳೂ ಕೊಡುವ ವೇತನ ಗಣನೀಯವಾಗಿ ಹೆಚ್ಚಿರುತ್ತದೆ. ಇನ್ನೊಂದು ತುದಿಯಲ್ಲಿ, ಸಣ್ಣ ಖಾಸಗಿ ಕ್ಲಿನಿಕ್ಕಿಗೆ ಮೊದಲ ಕೆಲಸಕ್ಕೆ ಸೇರುವವರಿಗೆ ಕಡಿಮೆ ಮೂಲವೇತನ ಕೊಟ್ಟು, ಉಳಿದದ್ದನ್ನು ಗಳಿಕೆಯ ಶೇಕಡಾವಾರು ಲೆಕ್ಕದಲ್ಲಿ ಕೊಡುವ ಒಪ್ಪಂದಗಳೂ ಸಾಮಾನ್ಯ. ಅಂಥ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ವಕೀಲರಿಗೆ ತೋರಿಸುವುದು ಅಗತ್ಯ.

ಸಾಲದ ವಿಷಯದಲ್ಲಿ ಒಂದು ಮುಖ್ಯ ಬದಲಾವಣೆಯನ್ನು ಪೋಷಕರು ಗಮನಿಸಬೇಕು. 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ, ಓದಿನ ಪೂರ್ತಿ ಖರ್ಚಿನವರೆಗೂ ಸರ್ಕಾರ ಕೊಡುತ್ತಿದ್ದ ಗ್ರ್ಯಾಡ್ ಪ್ಲಸ್ ಸಾಲ ಇಲ್ಲ. ಮೆಡಿಸಿನ್, ಪೋಡಿಯಾಟ್ರಿಯಂಥ ವೃತ್ತಿಪರ ಪದವಿಗಳಿಗೆ ಸರ್ಕಾರಿ ಸಾಲದ ಮಿತಿ ವರ್ಷಕ್ಕೆ 50 ಸಾವಿರ ಡಾಲರ್, ಒಟ್ಟು 2 ಲಕ್ಷ ಡಾಲರ್. ಶುಲ್ಕ 45 ಸಾವಿರ, ಬಾಡಿಗೆ ಮತ್ತು ಊಟ ಸೇರಿ ಮತ್ತೊಂದು 25 ಸಾವಿರ ಎಂದುಕೊಂಡರೆ, ನಾಲ್ಕು ವರ್ಷಕ್ಕೆ 2 ಲಕ್ಷ 80 ಸಾವಿರ ಡಾಲರ್ ಆಗುತ್ತದೆ. ಮಿತಿಗಿಂತ ಮೇಲಿನ 80 ಸಾವಿರವನ್ನು ಕುಟುಂಬವೋ ಖಾಸಗಿ ಬ್ಯಾಂಕೋ ಕೊಡಬೇಕು. ಎರಡೂ ಪದವಿಗಳ ಸಾಲ ಹೀಗೆ ಹೆಚ್ಚುಕಡಿಮೆ ಒಂದೇ ಆಗಿದ್ದು, ಸರಾಸರಿ ಸಂಬಳ ಮಾತ್ರ ಬೇರೆಯಾಗಿರುವುದರಿಂದ, ಪೋಡಿಯಾಟ್ರಿ ಆರಿಸಿಕೊಳ್ಳುವವರಿಗೆ ಸ್ಕಾಲರ್‌ಶಿಪ್‌ನ ಪ್ರತಿಯೊಂದು ಡಾಲರೂ ಹೆಚ್ಚು ಮುಖ್ಯ. ಲಾಭರಹಿತ ಅಥವಾ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತ 120 ಕಂತು ಕಟ್ಟಿದವರಿಗೆ ಉಳಿದ ಸರ್ಕಾರಿ ಸಾಲ ಮನ್ನಾ ಆಗುವ ಯೋಜನೆ ಎರಡೂ ವೃತ್ತಿಗಳಿಗೆ ತೆರೆದಿದೆ. ಆದರೆ ಖಾಸಗಿ ಕ್ಲಿನಿಕ್ಕಿನ ನೌಕರಿ ಅದರಡಿ ಬರುವುದಿಲ್ಲ, ಪೋಡಿಯಾಟ್ರಿಸ್ಟರಲ್ಲಿ ಬಹುಪಾಲು ಮಂದಿ ದುಡಿಯುವುದು ಅಲ್ಲಿಯೇ.

ಸಂಸಾರಕ್ಕೆ ಸಮಯ ಸಿಗುತ್ತದೆಯೇ?

ಕ್ಲಿನಿಕ್ ಆಧಾರಿತ ಪೋಡಿಯಾಟ್ರಿಯಲ್ಲಿ ರಾತ್ರಿ ಕರೆಗಳು ಕಡಿಮೆ. ಆಸ್ಪತ್ರೆಯಲ್ಲಿ ಕಾಲು ಉಳಿಸುವ ತಂಡದಲ್ಲಿರುವವರಿಗೆ ಕೀವು ತುಂಬಿದ ಪಾದ ಭಾನುವಾರ ಬೆಳಗಿನ ಜಾವವೂ ಬರುತ್ತದೆ. ಮೆಡಿಸಿನ್‌ನಲ್ಲಿಯೂ ಚರ್ಮರೋಗದಿಂದ ಹಿಡಿದು ಟ್ರಾಮಾ ಸರ್ಜರಿಯವರೆಗೆ ಎಲ್ಲ ಬಗೆಯ ದಿನಚರಿಗಳಿವೆ. ವ್ಯತ್ಯಾಸವೆಂದರೆ ಅಲ್ಲಿ ಆಯ್ಕೆಗೆ ನಾಲ್ಕು ವರ್ಷ ಸಮಯವಿರುತ್ತದೆ.

ನಮ್ಮ ಮಗಳು ಎಚ್-4 ವೀಸಾದಲ್ಲಿದ್ದಾಳೆ. ಅವಳಿಗೆ ಯಾವುದು ಅನುಕೂಲ?

ಅಪ್ಪ ಅಮ್ಮನ ಗ್ರೀನ್‌ಕಾರ್ಡ್ ಸಾಲಿನಲ್ಲಿಯೇ ಬೆಳೆದ ನಮ್ಮ ಮಕ್ಕಳ ಸಂಕಟ ಇದು. ಚಿಕ್ಕಂದಿನಿಂದ ಅಮೆರಿಕದಲ್ಲೇ ಓದಿದ್ದರೂ 21 ತುಂಬಿದಾಗ, ಅಪ್ಪ ಅಥವಾ ಅಮ್ಮನ ಕೆಲಸದ ವೀಸಾವನ್ನು ಆಧರಿಸಿದ ಎಚ್-4 ಮುಗಿದು, ಸಾಮಾನ್ಯವಾಗಿ ವಿದ್ಯಾರ್ಥಿ ವೀಸಾವಾದ ಎಫ್-1ಗೆ ಬದಲಾಗಬೇಕಾಗುತ್ತದೆ. ಅನೇಕ ಎಂಡಿ ಕಾಲೇಜುಗಳು, ಅದರಲ್ಲೂ ರಾಜ್ಯ ಸರ್ಕಾರದವು, ಪೌರತ್ವ ಅಥವಾ ಗ್ರೀನ್‌ಕಾರ್ಡ್ ಇಲ್ಲದವರ ಅರ್ಜಿಯನ್ನೇ ಪರಿಗಣಿಸುವುದಿಲ್ಲ. ಪರಿಗಣಿಸುವ ಕೆಲವು ಕಾಲೇಜುಗಳು ಒಂದಕ್ಕಿಂತ ಹೆಚ್ಚು ವರ್ಷಗಳ ಶುಲ್ಕವನ್ನು ಮೊದಲೇ ಠೇವಣಿ ಇಡಲು ಕೇಳುತ್ತವೆ. ಸರ್ಕಾರಿ ಸಾಲ ಎರಡೂ ಕಡೆ ಸಿಗುವುದಿಲ್ಲ. ಪೋಡಿಯಾಟ್ರಿಯಲ್ಲಿ ಪ್ರವೇಶ ಸಿಕ್ಕರೂ, ರೆಸಿಡೆನ್ಸಿ ಕೊಡುವ ಆಸ್ಪತ್ರೆ ವೀಸಾಕ್ಕೆ ಪ್ರಾಯೋಜಕತ್ವ ಕೊಡುತ್ತದೆಯೇ ಎಂಬ ಪ್ರಶ್ನೆ ನಾಲ್ಕು ವರ್ಷದ ನಂತರ ಎದುರಾಗುತ್ತದೆ. ಆದ್ದರಿಂದ ಪ್ರತಿ ಕಾಲೇಜಿಗೂ ಎರಡು ಪ್ರಶ್ನೆಗಳನ್ನು ಲಿಖಿತವಾಗಿ ಕೇಳಿ ಉತ್ತರ ಪಡೆಯಿರಿ: ಈ ವೀಸಾದವರನ್ನು ಸೇರಿಸಿಕೊಳ್ಳುತ್ತೀರಾ, ಮತ್ತು ಹಿಂದೆ ಸೇರಿದ್ದ ಅಂಥ ವಿದ್ಯಾರ್ಥಿಗಳಿಗೆ ರೆಸಿಡೆನ್ಸಿ ಎಲ್ಲಿ ದೊರೆಯಿತು?

ಡಿಪಿಎಂ ಮುಗಿಸಿ ಬೆಂಗಳೂರಿಗೆ ಬಂದು ಪ್ರಾಕ್ಟೀಸ್ ಮಾಡಬಹುದೇ? ಎಂಬಿಬಿಎಸ್ ಮುಗಿಸಿದವರು ಅಮೆರಿಕದಲ್ಲಿ ಪೋಡಿಯಾಟ್ರಿ ರೆಸಿಡೆನ್ಸಿ ಮಾಡಬಹುದೇ?

ಎರಡೂ ಸಾಧ್ಯವಿಲ್ಲ. ಭಾರತದಲ್ಲಿ ವೈದ್ಯರಾಗಿ ನೋಂದಾಯಿಸಿಕೊಳ್ಳಲು ಎಂಬಿಬಿಎಸ್ ಅಥವಾ ಅದಕ್ಕೆ ಸಮಾನವಾದ ಪ್ರಾಥಮಿಕ ವೈದ್ಯಕೀಯ ಪದವಿ ಬೇಕು. ಡಿಪಿಎಂ ಅದಕ್ಕೆ ಸಮಾನವಲ್ಲ. ಹಾಗೆಯೇ ಅಮೆರಿಕದ ಪೋಡಿಯಾಟ್ರಿ ರೆಸಿಡೆನ್ಸಿಗೆ ಡಿಪಿಎಂ ಪದವಿಯೇ ಬೇಕು. ಎಂಬಿಬಿಎಸ್ ಮಾಡಿದವರ ಹಾದಿ ಯುಎಸ್‌ಎಂಎಲ್‌ಇ ಮೂಲಕ ಬೇರೆ ವಿಭಾಗಗಳಿಗೆ ಹೋಗುತ್ತದೆ. ನಮ್ಮಲ್ಲಿ ಪಾದದ ಚಿಕಿತ್ಸೆ ಇಲ್ಲವೆಂದಲ್ಲ. ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್‌ನಲ್ಲಿ ಪೋಡಿಯಾಟ್ರಿ ವಿಭಾಗವೇ ಇದೆ. ಆದರೆ ಇಲ್ಲಿ ಆ ಕೆಲಸವನ್ನು ಮಾಡುವವರು ಎಂಬಿಬಿಎಸ್, ಎಂಎಸ್ ಓದಿದ ಮೇಲೆ ಹೆಚ್ಚುವರಿ ತರಬೇತಿ ಪಡೆದ ಸರ್ಜನ್‌ಗಳು. ಮುಂದೊಂದು ದಿನ ಊರಿಗೆ ಮರಳಿ ರೋಗಿಗಳನ್ನು ನೋಡುವ ಆಸೆ ಗಟ್ಟಿಯಾಗಿರುವವರಿಗೆ ಈ ಒಂದು ಕಾರಣವೇ ಡಿಪಿಎಂ ಬೇಡವೆನ್ನಲು ಸಾಕು.

ಕೆನಡಾ, ಬ್ರಿಟನ್‌ನಲ್ಲಿ?

ಬ್ರಿಟನ್ನಿನಲ್ಲಿ ಪೋಡಿಯಾಟ್ರಿ ಬ್ಯಾಚುಲರ್ ಮಟ್ಟದ ಓದು. ಸ್ಥಾನಮಾನವೂ ಕಾರ್ಯವ್ಯಾಪ್ತಿಯೂ ಬೇರೆ. ಕೆನಡಾದಲ್ಲಿ ಪ್ರಾಂತ್ಯಕ್ಕೊಂದು ನಿಯಮ. ನಮ್ಮವರು ಬಹಳಷ್ಟಿರುವ ಒಂಟಾರಿಯೋದಲ್ಲಿ 1993ರಿಂದ ಹೊಸ ಪೋಡಿಯಾಟ್ರಿಸ್ಟರ ನೋಂದಣಿಯನ್ನೇ ನಿಲ್ಲಿಸಲಾಗಿದ್ದು, ಡಿಪಿಎಂ ಪಡೆದವರೂ ಅಲ್ಲಿ ಕಿರಿದಾದ ವ್ಯಾಪ್ತಿಯ ಪಾದ ಚಿಕಿತ್ಸಕ, ಅಂದರೆ ಕೈರೋಪೊಡಿಸ್ಟ್ ಆಗಿ ನೋಂದಾಯಿಸಿಕೊಳ್ಳಬೇಕಾಗುತ್ತದೆ.

ಎರಡಕ್ಕೂ ಒಟ್ಟಿಗೆ ಅರ್ಜಿ ಹಾಕಬಹುದೇ? ಎಲ್ಲಿಂದ ಆರಂಭಿಸಬೇಕು?

ಹಾಕಬಹುದು. ಎಂಡಿ ಅರ್ಜಿಯ ವ್ಯವಸ್ಥೆ ಮೇ ತಿಂಗಳಲ್ಲಿ ತೆರೆಯುತ್ತದೆ; ಪೋಡಿಯಾಟ್ರಿಯದು ಅಮೆರಿಕದ ಬೇಸಿಗೆಯ ಕೊನೆಗೆ ತೆರೆದು ಮುಂದಿನ ವರ್ಷದವರೆಗೂ ನಡೆಯುತ್ತದೆ. ಆದರೆ ಮೆಡಿಕಲ್ ಸ್ಕೂಲ್‌ಗೆ ಬರೆದ ಪ್ರಬಂಧದಲ್ಲಿ ಹೆಸರು ಬದಲಿಸಿ ಕಳಿಸಿದರೆ ಸಂದರ್ಶಕರಿಗೆ ಮೊದಲ ಪ್ಯಾರಾದಲ್ಲೇ ಗೊತ್ತಾಗುತ್ತದೆ.

ಅರ್ಜಿಗೂ ಮೊದಲು ಮಾಡಬೇಕಾದ ಕೆಲಸ ಶ್ಯಾಡೋಯಿಂಗ್, ಅಂದರೆ ವೈದ್ಯರ ಜೊತೆಗಿದ್ದು ಅವರ ಕೆಲಸವನ್ನು ನೋಡುವುದು. ಒಬ್ಬ ಖಾಸಗಿ ಕ್ಲಿನಿಕ್ಕಿನ ಪೋಡಿಯಾಟ್ರಿಸ್ಟ್, ಒಬ್ಬ ಆಸ್ಪತ್ರೆಯ ಪೋಡಿಯಾಟ್ರಿಸ್ಟ್, ಒಬ್ಬ ಆರ್ಥೋಪೀಡಿಕ್ ಅಥವಾ ಸಾಮಾನ್ಯ ವೈದ್ಯರು, ಹೀಗೆ ಕನಿಷ್ಠ ಮೂವರ ಜೊತೆ ಇಡೀ ದಿನಗಳನ್ನು ಕಳೆಯಿರಿ. ಬೆಳಗಿನ ಹೊಸ ರೋಗಿಗಳನ್ನು ಮಾತ್ರ ನೋಡಿ ಹೊರಡದೆ, ಮಧ್ಯಾಹ್ನದ ಹೊತ್ತಿಗೆ ಬರುವ ಹಳೆಯ ಹುಣ್ಣಿನ ಡ್ರೆಸ್ಸಿಂಗ್‌ಗಳನ್ನೂ, ಸಂಜೆ ವಿಮಾ ಕಂಪನಿಗಳಿಗೆ ಬರೆಯುವ ಟಿಪ್ಪಣಿಗಳನ್ನೂ ನೋಡಿ. ಮತ್ತೆ ಆರಿಸಿಕೊಳ್ಳುವ ಅವಕಾಶ ಸಿಕ್ಕರೆ ಇದನ್ನೇ ಆರಿಸಿಕೊಳ್ಳುತ್ತೀರಾ ಎಂದು ಅವರನ್ನು ನೇರವಾಗಿ ಕೇಳಿ. ಪೋಡಿಯಾಟ್ರಿ ಕಾಲೇಜುಗಳನ್ನು ಹೋಲಿಸುವಾಗ ನಾಲ್ಕು ವರ್ಷದಲ್ಲಿ ಪದವಿ ಮುಗಿಸಿದವರ ಪ್ರಮಾಣ, ಎಪಿಎಂಎಲ್‌ಇ ಮೊದಲ ಭಾಗದಲ್ಲಿ ಮೊದಲ ಯತ್ನಕ್ಕೇ ತೇರ್ಗಡೆಯಾದವರ ಪ್ರಮಾಣ, ರೆಸಿಡೆನ್ಸಿ ಪಡೆದವರ ಪ್ರಮಾಣ, ಈ ಮೂರನ್ನೂ ಕಾಲೇಜಿನ ಜಾಲತಾಣದಲ್ಲಿ ಹುಡುಕಿ ಪಕ್ಕಪಕ್ಕ ಬರೆದುಕೊಳ್ಳಿ. ಕಾಲೇಜುಗಳು ಇವನ್ನು ಪ್ರಕಟಿಸುತ್ತವೆ, ಮತ್ತು ಕಾಲೇಜಿನಿಂದ ಕಾಲೇಜಿಗೆ ಇವು ಸಾಕಷ್ಟು ಬದಲಾಗುತ್ತವೆ.